ಪೆರುವಿನ ಔಸಂಗಾತೆ ಸುತ್ತು ಹಾಕಿದವರು ಯಾರಾದರೂ ಇದ್ದೀರಾ?

ಸುಮ್ನೆ_ಅಲೆಮಾರಿ:
ಜುಲೈನಲ್ಲಿ ನಾನೂ ನನ್ನ ಹೆಂಡತಿಯೂ ಕುಸ್ಕೋಗೆ ಹೋಗುತ್ತಿದ್ದೇವೆ. ಮಚು ಪಿಚುಗೆ ಹೇಗಿದ್ದರೂ ಎಲ್ಲರೂ ಹೋಗುತ್ತಾರೆ, ನಮಗೆ ಔಸಂಗಾತೆ ಬೆಟ್ಟದ ಸುತ್ತ ನಡೆಯುವ ಆಸೆ. ಸುಮಾರು 70 ಕಿ.ಮೀ., ಐದಾರು ದಿನ ಅಂತೆ. ಕುಮಾರಪರ್ವತ, ಕೇದಾರಕಂಠ ಎರಡೂ ಆರಾಮಾಗಿ ಮುಗಿಸಿದ್ದೇವೆ, ಹಾಗಾಗಿ ದೂರದ ಭಯ ಇಲ್ಲ. ಕುಸ್ಕೋದಲ್ಲಿ ಇಳಿದ ಮರುದಿನವೇ ಹೊರಡಬಹುದಾ? ಹಿಮದ ಮೇಲೆ ಹತ್ತೋಕೆ ಸಿಗುತ್ತಾ? ನಾವು ಸಸ್ಯಾಹಾರಿಗಳು, ಊಟದ ಕಥೆ ಏನು?

ಬೆಟ್ಟದ_ಜೀವ:
ಮರುದಿನ ಬೇಡವೇ ಬೇಡ. ಕೇದಾರಕಂಠದ ತುದಿ ಸುಮಾರು 3,800 ಮೀಟರ್ ಅಲ್ವಾ, ಇಲ್ಲಿ ನಡಿಗೆ ಶುರುವಾಗುವ ಟಿಂಕಿ ಊರೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಅಲ್ಲಿಂದ ಮುಂದೆ ರಾತ್ರಿ ಮಲಗುವುದೆಲ್ಲ 4,300ರ ಮೇಲೆ, ಪಲೋಮಾನಿ ಕಣಿವೆದಾರಿ ದಾಟುವಾಗ 5,200ರ ಹತ್ತಿರ. ಹಿಮಾಲಯದಲ್ಲಿ ಎತ್ತರಕ್ಕೆ ತಲೆನೋವು ಜಾಸ್ತಿಯಾದರೆ ಅರ್ಧ ದಿನ ಇಳಿದು ಬಚಾವಾಗಬಹುದು, ಇಲ್ಲಿ ಸುತ್ತಿನ ಮಧ್ಯದಲ್ಲಿ ಕೆಟ್ಟರೆ ಇಳಿಯೋಕೂ ಇನ್ನೊಂದು ಕಣಿವೆದಾರಿ ಹತ್ತಬೇಕಾಗಬಹುದು. ಅದಕ್ಕೇ ವಿಮಾನ ಇಳಿದ ಕೂಡಲೇ ಒಲ್ಲಾಂತಾಯ್ತಾಂಬೊ ಕಡೆ ಹೋಗಿ. ಅದು 2,800 ಮೀಟರ್, ಕುಸ್ಕೋಗಿಂತ 600 ಕೆಳಗೆ. ಮಚು ಪಿಚು ಮೊದಲು ಮುಗಿಸಿ, ಆಮೇಲೆ ಕುಸ್ಕೋದಲ್ಲಿ ಎರಡು ಮೂರು ರಾತ್ರಿ ಇದ್ದು ಹೊರಡಿ. ಎತ್ತರದ ತೊಂದರೆಗೆ ಮಾತ್ರೆ ತಗೊಳ್ಳುವ ವಿಚಾರ ಡಾಕ್ಟರ್ ಹತ್ತಿರ ಕೇಳಿ, ಫೋರಂನಲ್ಲಿ ಬೇಡ.

ಗೈಡ್ ಇಲ್ಲದೆ ಹೋಗುವವರೂ ಇದ್ದಾರೆ. ಆದರೆ ಕುದುರೆ ಇಟ್ಟುಕೊಂಡಿರುವ ಸ್ಥಳೀಯರೊಬ್ಬರನ್ನು ಗೊತ್ತು ಮಾಡಿಕೊಳ್ಳಿ. ಸಾಮಾನೂ ಹೊರುತ್ತದೆ, ನಡೆಯೋಕೆ ಆಗದಿದ್ದರೆ ನಿಮ್ಮನ್ನೂ ಹೊರುತ್ತದೆ.

ಸಂಜೆ_ಚಹಾ:
ಹಿಮದ ಮೇಲೆ ಹತ್ತೋದು ಬೇರೆ ಆಟ ಸಾರ್. ತುದಿ 6,384 ಮೀಟರ್, 1953ರಲ್ಲಿ ಆಸ್ಟ್ರಿಯಾದ ಪರ್ವತಾರೋಹಿ ಹೈನ್ರಿಕ್ ಹಾರರ್ ಇದ್ದ ತಂಡ ಮೊದಲು ಹತ್ತಿದ್ದು. ಹಗ್ಗ, ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳು) ಎಲ್ಲ ಪಳಗಿದವರಿಗೆ ಮಾತ್ರ. ಸುತ್ತಿನಲ್ಲಿ ಹಿಮನದಿ ಕಣ್ಣೆದುರಿಗೇ ಇರುತ್ತದೆ, ಅಷ್ಟು ಸಾಕು.

ಇನ್ನೊಂದು, ಅಲ್ಲಿನವರಿಗೆ ಔಸಂಗಾತೆ ಒಬ್ಬ ಅಪು, ಅಂದರೆ ಬೆಟ್ಟದ ದೇವರು. ಪಕ್ಕದ ಸಿನಕಾರಾ ಕಣಿವೆಯಲ್ಲಿ ಕೊಯ್ಲುರ್ ರಿತಿ ಜಾತ್ರೆ ನಡೆಯುತ್ತದೆ, ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್, ನಿಮಗೆ ಸಿಗೋದಿಲ್ಲ. ಕರಡಿ ವೇಷದ ಉಕುಕುಗಳು ರಾತ್ರಿ ಹಿಮನದಿ ಹತ್ತಿ, ಮದ್ದಿನ ಗುಣ ಇದೆ ಅಂತ ಮಂಜುಗಡ್ಡೆ ಕಡಿದು ಹೊತ್ತು ತರುತ್ತಿದ್ದರು. ಹಿಮ ಕರಗಿ ಹಿಂದೆ ಸರಿಯುತ್ತಿರುವುದನ್ನು ನೋಡಿ ಈಗ ಕಡಿಯುವುದನ್ನು ಬಿಟ್ಟಿದ್ದಾರೆ. ಹವಾಮಾನದ ಬಗ್ಗೆ ನಡೆಯುವ ಸರ್ಕಾರಿ ಸಮ್ಮೇಳನಗಳಿಗಿಂತ ಇವರೇ ವಾಸಿ ಅಂತ ನನಗನ್ನಿಸುತ್ತದೆ.

ಅಮ್ಮನ_ಡಬ್ಬಿ:
ಊಟಕ್ಕೆ ಆಲೂಗಡ್ಡೆ, ಕಿನೋವಾ ಸೂಪ್, ಅನ್ನ ಸಿಗುತ್ತೆ. ಆದರೆ ಸೂಪ್ ಅಂದರೆ ಮಾಂಸದ ನೀರೇ ಇರಬಹುದು, ಮೊದಲೇ ಬಿಡಿಸಿ ಹೇಳಿ. ಚಟ್ನಿಪುಡಿ ಒಯ್ಯಿರಿ. ಜುಲೈ ಅಲ್ಲಿ ಚಳಿಗಾಲ, ಮಳೆ ಕಡಿಮೆ, ರಾತ್ರಿ ಸೊನ್ನೆಗಿಂತ ತುಂಬಾ ಕೆಳಗೆ ಹೋಗುತ್ತೆ, ಬಾಟಲಿ ನೀರು ಗಟ್ಟಿಯಾಗುತ್ತೆ. ಸುತ್ತಿನ ದಾರಿಯಲ್ಲಿ ಸಿಗುವ ಪಚಾಂತಾ ಊರಲ್ಲಿ ಬಿಸಿನೀರಿನ ಬುಗ್ಗೆ ಇದೆ, ಬಿಡಬೇಡಿ! ಕೋಕಾ ಎಲೆಯ ಚಹಾ ಅಲ್ಲಿ ಧಾರಾಳ ಕುಡಿಯಿರಿ, ಅಮೆರಿಕದ ಮೇಲೆ ವಾಪಸ್ ಬರುವುದಾದರೆ ಒಂದು ಎಲೆಯೂ ಬ್ಯಾಗಿನಲ್ಲಿ ಇರಬಾರದು, ಅಲ್ಲಿ ಕಾನೂನಿಗೆ ವಿರುದ್ಧ.

ಸುಮ್ನೆ_ಅಲೆಮಾರಿ:
ಥ್ಯಾಂಕ್ಸ್ ಎಲ್ಲರಿಗೂ. ಮಚು ಪಿಚು ಟಿಕೆಟ್ ಮೊದಲಿನ ವಾರಕ್ಕೆ ಬದಲಾಯಿಸೋಕೆ ನೋಡುತ್ತೇನೆ. ಕುದುರೆಯವರು ಟಿಂಕಿಯಲ್ಲೇ ಸಿಗುತ್ತಾರಾ, ಕುಸ್ಕೋದಿಂದಲೇ ಮಾತಾಡಿಕೊಂಡು ಹೋಗಬೇಕಾ?

ಬೆಟ್ಟದ_ಜೀವ:
ಟಿಂಕಿಯಲ್ಲೇ ಸಿಗುತ್ತಾರೆ. ಸ್ಪ್ಯಾನಿಷ್ ಬರದಿದ್ದರೆ ಕುಸ್ಕೋದಿಂದ ಮಾತಾಡಿಕೊಂಡು ಹೋಗಿ.