ಸಹಾಯ ಬೇಕು: ಕಿಟಕಿಯ ಹಳೆ ಚೌಕಟ್ಟು ಉಳಿಸಲೋ, ಕೀಳಿಸಲೋ?

ನಮ್ಮದು ಹಳೆಯ ಮನೆ. ಮರದ ಕಿಟಕಿ ತೆಗೆದು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸಬೇಕು. ಹಳೆ ಚೌಕಟ್ಟಿನೊಳಗೇ ಕೂರಿಸೋಣ, ಗೋಡೆ ಒಡೆಯುವುದು ಬೇಡ ಎಂದು ಒಬ್ಬರು ಹೇಳುತ್ತಾರೆ. ಚೌಕಟ್ಟನ್ನೇ ಕೀಳಬೇಕು ಎಂದು ಇನ್ನೊಬ್ಬರು.

ನಾನೇ ಅಳತೆ ತೆಗೆದೆ. ಚೌಕಟ್ಟಿನ ಮೇಲಿನ ಅಗಲಕ್ಕೂ ಕೆಳಗಿನ ಅಗಲಕ್ಕೂ 12 ಮಿ.ಮೀ. ವ್ಯತ್ಯಾಸ ಇದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದರೆ ಎರಡು ಅಳತೆಗಳ ವ್ಯತ್ಯಾಸ ಇನ್ನೂ ಜಾಸ್ತಿ, 18 ಮಿ.ಮೀ. ಚೌಕಟ್ಟಿನ ಪಕ್ಕದ ಪಟ್ಟಿಗಳ ಮರ ಗಟ್ಟಿಯಾಗಿದೆ. ಆದರೆ ಕೆಳಗಿನ ಅಡ್ಡಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತದೆ. ಮಳೆ ನೀರು ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ಸುಮ್ನೆ ಸೀಲಂಟ್ (ಸಂದು ಮುಚ್ಚುವ ಅಂಟು) ಬಳಿದರೆ ಕೊಳೆಯುವುದು ನಿಲ್ಲುವುದಿಲ್ಲ ಅಲ್ವಾ? ಒಳಗೆ ಕೂರಿಸಿದರೆ ಗಾಜು ಚಿಕ್ಕದಾಗುತ್ತದೆ, ಬೆಳಕೂ ಕಡಿಮೆ. ಅಮ್ಮ ಓದುವುದು ಇದೇ ಕಿಟಕಿಯ ಪಕ್ಕ, ಅದೇ ನನ್ನ ಚಿಂತೆ.

ಕೊಳೆತ ಅಡ್ಡಪಟ್ಟಿ ಮಾತ್ರ ಬದಲಿಸಿ ಉಳಿದ ಚೌಕಟ್ಟು ಇಟ್ಟುಕೊಳ್ಳಬಹುದಾ, ಇಲ್ಲ ಪೂರ್ತಿ ಕೀಳಿಸಲೇಬೇಕಾ? ಮಾಡಿಸಿದ ಅನುಭವ ಇರುವವರು ದಯವಿಟ್ಟು ಹೇಳಿ.