ಟ್ಯಾಂಕರ್ ನೀರು ತುಂಬಿಸಿದ ಮೇಲೆ ಪೂಲ್ ಬೆಳ್ಳಗಾಗಿದೆ. ಮತ್ತೆ ಖಾಲಿ ಮಾಡಬೇಕಾ?

ಪ್ರಶ್ನೆ (ಅಪಾರ್ಟ್‌ಮೆಂಟ್ ಕಮಿಟಿ ಸದಸ್ಯೆ, ಬೆಂಗಳೂರು): ನಮ್ಮ ಪೂಲ್ 12 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ ಆಳ 1.25 ಮೀಟರ್. ಒಳಗೆಲ್ಲ ಟೈಲ್ಸ್. ಟಿಸಿಸಿಎ (ಕ್ಲೋರಿನ್) ಮಾತ್ರೆ ಎಷ್ಟು ಹಾಕಿದರೂ ಹಳೇ ನೀರಲ್ಲಿ ಪಾಚಿ ಹೋಗುತ್ತಿರಲಿಲ್ಲ. ಹಾಗಾಗಿ ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದು, ಟ್ಯಾಂಕರ್‌ನಲ್ಲಿ ಬೋರ್‌ವೆಲ್ ನೀರು ತರಿಸಿ ತುಂಬಿಸಿದೆವು. ಪಿಎಚ್ 7 ಬಂತು ಅಂತ ಮೇಂಟೆನೆನ್ಸ್ ಹುಡುಗ ಅದನ್ನು ಏರಿಸೋಕೆ 5 ಕೆಜಿ ಸೋಡಾ ಆ್ಯಶ್ ಹಾಕಿದ, ಜೊತೆಗೆ ಬ್ಲೀಚಿಂಗ್ ಪೌಡರ್ ಬೇರೆ. ಬೆಳಗ್ಗೆ ನೋಡಿದರೆ ನೀರು ನೀರುಮಜ್ಜಿಗೆ ಥರ ಆಗಿದೆ, ಸ್ವಲ್ಪ ಕಂದು ಛಾಯೆಯೂ ಇದೆ. ಈಗ ಪಿಎಚ್ 8.2, ಆಲ್ಕಲಿನಿಟಿ (ನೀರಲ್ಲಿ ಕರಗಿರುವ ಕ್ಷಾರ) 300, ಹಾರ್ಡ್‌ನೆಸ್ 480. ಮಕ್ಕಳಿಗೆ ರಜೆ ಶುರುವಾಗಿದೆ, ಲಿಫ್ಟಲ್ಲಿ ಸಿಕ್ಕವರೆಲ್ಲ ನನ್ನನ್ನೇ ಕೇಳುತ್ತಾರೆ.

ಉತ್ತರ (ಪೂಲ್ ಮೇಂಟೆನೆನ್ಸ್ ಮಾಡುವವನು): ಖಾಲಿ ಮಾಡಬೇಡಿ ಮೇಡಂ. ನಿಮ್ಮ ಪೂಲ್ 90,000 ಲೀಟರ್. 6,000 ಲೀಟರಿನ ಟ್ಯಾಂಕರ್ ಆದರೆ 15 ಲೋಡು. ಮತ್ತೆ ತರಿಸಿದರೂ ಅದೇ ಬೋರ್‌ವೆಲ್ ನೀರೇ ತಾನೆ ಬರೋದು?

ಎಡವಟ್ಟಾಗಿದ್ದು ಸೋಡಾ ಆ್ಯಶ್‌ನಿಂದ. ಆಗಷ್ಟೇ ನೆಲದಿಂದ ಬಂದ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಅದಕ್ಕೇ ಪಿಎಚ್ ಕಡಿಮೆ ತೋರಿಸುತ್ತದೆ. ಎರಡು ಮೂರು ದಿನ ಪಂಪ್ ಓಡಿಸಿದರೆ ಗ್ಯಾಸ್ ಹೋಗಿ ಪಿಎಚ್ ತಾನಾಗಿ ಏರುತ್ತದೆ. ಗಡಸು ನೀರಿಗೆ ಸೋಡಾ ಆ್ಯಶ್ ಬಿದ್ದರೆ ನೀರಲ್ಲಿರುವ ಕ್ಯಾಲ್ಸಿಯಂ ಸುಣ್ಣದ ಪುಡಿಯಂತೆ ಬೇರೆಯಾಗುತ್ತದೆ. ನೀವು ನೋಡುತ್ತಿರುವ ಬಿಳಿ ಅದೇ. ಕಂದು ಛಾಯೆ ಬಹುತೇಕ ಕಬ್ಬಿಣದ್ದು, ಕ್ಲೋರಿನ್ ತಾಗಿದ ಕೂಡಲೇ ಕಂದು ಬಣ್ಣಕ್ಕೆ ತಿರುಗುತ್ತದೆ.

ಮುಂದಿನ ಸಲ ಟ್ಯಾಂಕರ್ ಪೈಪ್ ಬಿಡುವ ಮೊದಲು ಬಿಳಿ ಬಕೆಟ್‌ಗಳಲ್ಲಿ ನೀರು ಹಿಡಿಯಿರಿ. ಒಂದಕ್ಕೆ ಚಿಟಿಕೆ ಸೋಡಾ ಆ್ಯಶ್, ಇನ್ನೊಂದಕ್ಕೆ ಸ್ವಲ್ಪ ಲಿಕ್ವಿಡ್ ಕ್ಲೋರಿನ್ ಹಾಕಿ ಅರ್ಧ ಗಂಟೆ ಬಿಡಿ. ಮೊದಲನೆಯದು ಬೆಳ್ಳಗಾದರೆ ಕ್ಯಾಲ್ಸಿಯಂ, ಎರಡನೆಯದು ಟೀ ಬಣ್ಣಕ್ಕೆ ತಿರುಗಿದರೆ ಕಬ್ಬಿಣ.

ಈಗಿನ ಕೆಲಸ ಆಲ್ಕಲಿನಿಟಿ ಇಳಿಸೋದು. ನೆಟ್ಟಲ್ಲಿ ಎಲ್ಲರೂ ‘ಮೊದಲು ಬೇಕಿಂಗ್ ಸೋಡಾ ಹಾಕಿ’ ಅಂತಾರೆ. ಅದು ಮೆದು ನೀರಿನವರಿಗೆ. ನಿಮಗೆ ಬೇಕಿರೋದು ಹೈಡ್ರೋಕ್ಲೋರಿಕ್ ಆ್ಯಸಿಡ್. ನಿಮ್ಮ ಪೂಲಿಗೆ ಆಲ್ಕಲಿನಿಟಿ 10 ಇಳಿಸಲು 32% ಆ್ಯಸಿಡ್ ಸುಮಾರು 1.8 ಲೀಟರ್ ಬೇಕು. 300ರಿಂದ 100ಕ್ಕೆ ಬರಲು 35 ಲೀಟರ್ ಆಸುಪಾಸು. ಒಂದೇ ಸಲ ಸುರಿದೀರಿ ಜೋಕೆ! ಪಂಪ್ ಓಡುತ್ತಿರುವಾಗ 3 ಲೀಟರ್, ಆಳದ ಕಡೆ ಅಂಚಿನುದ್ದಕ್ಕೂ ನಿಧಾನವಾಗಿ. ಆರು ಗಂಟೆ ಬಿಟ್ಟು ಟೆಸ್ಟ್ ಮಾಡಿ. ಪಿಎಚ್ 7.2ಕ್ಕೆ ಬಂದರೆ ನಿಲ್ಲಿಸಿ. ಇನ್‌ಲೆಟ್ ಬಾಯಿ ಮೇಲಕ್ಕೆ ತಿರುಗಿಸಿ, ಕಾರಂಜಿ ಇದ್ದರೆ ಹಾಕಿ. ನೀರು ಕಲಕಿದಷ್ಟೂ ಗ್ಯಾಸ್ ಹೋಗಿ ಪಿಎಚ್ ಮತ್ತೆ ಏರುತ್ತದೆ, ಆದರೆ ಇಳಿದ ಆಲ್ಕಲಿನಿಟಿ ಏರೋದಿಲ್ಲ. ಆಮೇಲೆ ಮತ್ತೆ 3 ಲೀಟರ್. ವಾರ ಹತ್ತು ದಿನ ಹಿಡಿಯುತ್ತದೆ, ಪರವಾಗಿಲ್ಲ.

ಪಿಎಚ್ ಇಳಿದಂತೆ ಬಿಳಿ ಸ್ವಲ್ಪ ಕರಗುತ್ತದೆ. ಉಳಿದದ್ದನ್ನು ಸ್ಯಾಂಡ್ ಫಿಲ್ಟರ್ ಹಿಡಿಯುತ್ತದೆ. ಪ್ರೆಷರ್ ಗೇಜ್ ಮಾಮೂಲಿಗಿಂತ ಅರ್ಧ ಬಾರ್ ಏರಿದಾಗ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಹರಿಸಿ ಫಿಲ್ಟರ್ ತೊಳೆಯೋದು) ಮಾಡಿಸಿ. ಆಮೇಲೂ ಮಬ್ಬಿದ್ದರೆ ಒಂದು ಕೆಜಿ ಆಲಮ್ (ಪಟಿಕ) ಬಕೆಟ್‌ನಲ್ಲಿ ಕರಗಿಸಿ ಹರಡಿ, ಪಂಪ್ ನಿಲ್ಲಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತಳದಲ್ಲಿ ಕೂತಿದ್ದನ್ನು ವ್ಯಾಕ್ಯೂಮ್ ಮಾಡಿ ನೇರ ಡ್ರೈನ್‌ಗೆ ಬಿಡಿ. ಫಿಲ್ಟರ್‌ಗೆ ಬೇಡ.

ಪ್ರಶ್ನೆ: ಹಾರ್ಡ್‌ನೆಸ್ 480 ಇದೆಯಲ್ಲ, ಅದಕ್ಕೇನು ಹಾಕಲಿ?

ಉತ್ತರ: ಏನೂ ಹಾಕಬೇಡಿ. ಅದನ್ನು ಇಳಿಸುವ ಪುಡಿ ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ಕಳಿಸಿಬಿಡಿ. ಪಿಎಚ್ 7.2ರಿಂದ 7.4, ಆಲ್ಕಲಿನಿಟಿ 80ರಿಂದ 100 ಇಟ್ಟರೆ 480 ಇದ್ದರೂ ನಡೆಯುತ್ತದೆ. ಇಲ್ಲದಿದ್ದರೆ ನೀರಿನ ಮಟ್ಟದಲ್ಲಿ ಟೈಲ್ಸ್ ಮೇಲೆ ಬಿಳಿ ಗೆರೆ ಕಟ್ಟುತ್ತದೆ. ಆವಿಯಾಗಿ ಹೋಗೋದು ನೀರು ಮಾತ್ರ, ಕ್ಯಾಲ್ಸಿಯಂ ಅಲ್ಲೇ ಉಳಿಯುತ್ತದೆ. ಹಾಗಾಗಿ ಟಾಪ್-ಅಪ್‌ಗೆ ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಬಳಸಿ. ಸಾಫ್ಟ್‌ನರ್ ಆಲ್ಕಲಿನಿಟಿ ಇಳಿಸೋದಿಲ್ಲ, ಅದಕ್ಕೆ ಆ್ಯಸಿಡ್ ಬೇಕೇ ಬೇಕು. ಬ್ಲೀಚಿಂಗ್ ಪೌಡರ್ ನಿಲ್ಲಿಸಿ. ಅದರಲ್ಲೂ ಕ್ಯಾಲ್ಸಿಯಂ ಇದೆ.

ಪ್ರಶ್ನೆ: ಹಾಗಾದರೆ ಕ್ಲೋರಿನ್‌ಗೆ ಮತ್ತೆ ಟಿಸಿಸಿಎ ಹಾಕಬೇಕಾ? ಅದರಿಂದಲೇ ತಾನೆ ಹಳೇ ನೀರು ಹಾಳಾಗಿದ್ದು?

ಉತ್ತರ: ಒಳ್ಳೆ ಪ್ರಶ್ನೆ. ಟಿಸಿಸಿಎ ಜೊತೆ ಸಯನ್ಯೂರಿಕ್ ಆ್ಯಸಿಡ್ ಕೂಡ ನೀರಿಗೆ ಸೇರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ತಡೆಯೋದು ಅದು. ಹೊಸ ನೀರಲ್ಲಿ ಅದು ಸೊನ್ನೆ. ಏಪ್ರಿಲ್ ಬಿಸಿಲಲ್ಲಿ ಹಾಗೇ ಬಿಟ್ಟರೆ ಬೆಳಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನಕ್ಕೆ ಇರೋದಿಲ್ಲ. ಸಯನ್ಯೂರಿಕ್ 30ರಿಂದ 50 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಬೇಕು. ಆದರೆ ಅದು ಖರ್ಚಾಗೋದಿಲ್ಲ, ಏರುತ್ತಲೇ ಹೋಗುತ್ತದೆ. 100 ದಾಟಿದರೆ ಕ್ಲೋರಿನ್ ಟೆಸ್ಟಲ್ಲಿ ಕಾಣುತ್ತದೆ, ಸರಿಯಾಗಿ ಕೆಲಸ ಮಾಡೋದಿಲ್ಲ. ನಿಮ್ಮ ಹಳೇ ಪಾಚಿಯ ಕಥೆ ಬಹುಶಃ ಇದೇ.

ನಿಮ್ಮ ಪೂಲಿಗೆ 1 ಕೆಜಿ ಟಿಸಿಸಿಎ ಹಾಕಿದರೆ ಕ್ಲೋರಿನ್ 10, ಸಯನ್ಯೂರಿಕ್ 6 ಪಿಪಿಎಂ ಏರುತ್ತದೆ. ಮೊದಲ ಕೆಲವು ವಾರ ಒಟ್ಟು 5 ಕೆಜಿ ತನಕ ಅದನ್ನೇ ಹಾಕಿ. ಅದೂ ಹುಳಿಯೇ ಆದ್ದರಿಂದ ಆಲ್ಕಲಿನಿಟಿ ಇಳಿಸಲೂ ನೆರವಾಗುತ್ತದೆ. ಆಮೇಲೆ ಲಿಕ್ವಿಡ್ ಕ್ಲೋರಿನ್‌ಗೆ ಬದಲಾಯಿಸಿ. ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಬಕೆಟ್‌ಗೆ, ಒಂದೇ ಮಗ್ಗಿಗೆ ಹಾಕಬೇಡಿ, ಬೆಂಕಿ ಹತ್ತಬಹುದು. ಆ್ಯಸಿಡ್ ಕ್ಯಾನ್ ಕ್ಲೋರಿನ್ ಪಕ್ಕ ಇಡಲೇಬಾರದು.

ಇನ್ನೊಬ್ಬರು (ಮಂಗಳೂರು): ಸರ್, ನಮ್ಮದು ಬಾವಿ ನೀರು, ಪಿಎಚ್ 6, ಆಲ್ಕಲಿನಿಟಿ 20. ನಮಗೂ ಆ್ಯಸಿಡ್ಡಾ?

ಉತ್ತರ: ಅಯ್ಯೋ ಬೇಡ. ಕರಾವಳಿಯ ಮುರಕಲ್ಲಿನ ನೀರು ಮೆದು, ಹುಳಿ. ನಿಮಗೆ ಬೇಕಿಂಗ್ ಸೋಡಾನೇ ಮದ್ದು. ಲಕ್ಷ ಲೀಟರಿಗೆ 1.7 ಕೆಜಿ ಹಾಕಿದರೆ ಆಲ್ಕಲಿನಿಟಿ 10 ಏರುತ್ತದೆ. ಹಾರ್ಡ್‌ನೆಸ್ ತೀರಾ ಕಡಿಮೆ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಇಲ್ಲದಿದ್ದರೆ ನೀರು ಟೈಲ್ಸ್ ಸಂದಿನ ಗ್ರೌಟ್ ತಿನ್ನುತ್ತದೆ. ಮತ್ತೆ, ಮಳೆಗಾಲದಲ್ಲಿ ಪೂಲ್ ಖಾಲಿ ಮಾಡಬೇಡಿ. ನೆಲದಡಿಯ ನೀರು ಖಾಲಿ ತೊಟ್ಟಿಯನ್ನು ಮೇಲಕ್ಕೆತ್ತಿ ಬಿರುಕು ಬಿಡಿಸಬಹುದು.

ಮೊದಲ ಪ್ರಶ್ನೆಯವರು: ಕೊನೇ ಪ್ರಶ್ನೆ ಸರ್. ಮಕ್ಕಳನ್ನು ಯಾವಾಗ ಇಳಿಸಬಹುದು? ಆಲ್ಕಲಿನಿಟಿ 100ಕ್ಕೆ ಬರೋವರೆಗೂ ಕಾಯಬೇಕಾ?

ಉತ್ತರ: ಬೇಕಿಲ್ಲ. ಪಿಎಚ್ 7.2ರಿಂದ 7.8, ಫ್ರೀ ಕ್ಲೋರಿನ್ (ಇನ್ನೂ ಕೆಲಸ ಮಾಡಬಲ್ಲ ಕ್ಲೋರಿನ್) 2ರಿಂದ 3 ಇದ್ದು, ಆಳದ ಕಡೆಯ ಮೇನ್ ಡ್ರೈನ್ ಜಾಲರಿ ದಡದಿಂದ ಸ್ಪಷ್ಟವಾಗಿ ಕಂಡರೆ ಇಳಿಸಿ. ಜಾಲರಿ ಕಾಣದ ನೀರಿಗೆ ಮಾತ್ರ ಯಾರನ್ನೂ ಬಿಡಬೇಡಿ, ಮುಳುಗಿದವರೂ ಕಾಣೋದಿಲ್ಲ. ಆ್ಯಸಿಡ್ ರಾತ್ರಿ ಪೂಲ್ ಮುಚ್ಚಿದ ಮೇಲೇ ಹಾಕಿಸಿ. ಕ್ಲೋರಿನ್ ಅಳೆಯಲು ಹಳದಿ ಬಣ್ಣ ಬರುವ ಕಿಟ್ ಬೇಡ, ಅದು ಫ್ರೀ ಕ್ಲೋರಿನ್ ಬೇರೆಯಾಗಿ ತೋರಿಸೋದಿಲ್ಲ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತರಿಸಿ.