ಗಂಗಾವತಿಯ ಹಳೇ ಜೀಪ್ ತಗೊಳ್ಳಲಾ?

ಪ್ರಶ್ನೆ: ಗಂಗಾವತಿಯಲ್ಲಿ ಒಂದು ರೈಸ್ ಮಿಲ್ ಹಿಂದೆ ಮಹೀಂದ್ರಾ ಎಂಎಂ 540 ನಿಂತಿದೆ. ಪ್ಯೂಜೋ ಡೀಸೆಲ್ ಇಂಜಿನ್, ಕೆಎ 37 ನಂಬರ್. ಸೀಟಿನ ಕೆಳಗೆ ಭತ್ತದ ಹೊಟ್ಟು ತುಂಬಿ ಇಲಿ ಸಂಸಾರ ಹೂಡಿದೆ! ಪೂರ್ತಿ ಬಿಚ್ಚಿ ಕಟ್ಟುವ ಆಸೆ. ಏನೇನು ನೋಡಲಿ?

ರಾಯಚೂರಿನಿಂದ: ಮೊದಲು ಆರ್‌ಸಿ. 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು. ಚಾಸಿ (ಗಾಡಿಯ ಅಡಿ ಚೌಕಟ್ಟು) ನಂಬರ್ ಮೇಲಿನ ತುಕ್ಕು ಉಜ್ಜಿ, ಆರ್‌ಸಿ ಜೊತೆ ತಾಳೆ ನೋಡಿ. ತಾಳೆಯಾಗದಿದ್ದರೆ ಸುಮ್ನೆ ವಾಪಸ್ ಬನ್ನಿ.

ಸಂಡೂರಿನಿಂದ: ಇಂಜಿನ್ ಸದ್ದಿಗೆ ಮರುಳಾಗಬೇಡಿ ಸಾರ್, ಅದನ್ನು ಒಳ್ಳೆ ಮೇಸ್ತ್ರಿ ಎಬ್ಬಿಸುತ್ತಾರೆ. ಕೆಳಗೆ ಮಲಗಿ, ಲೀಫ್ ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿಗೆ ಸ್ಕ್ರೂಡ್ರೈವರ್ ಚುಚ್ಚಿ. ಒಳಗೆ ಹೋಯ್ತಾ? ತುಕ್ಕು ತಿಂದಿದೆ, ಗಾಡಿ ಬಿಟ್ಟುಬಿಡಿ. ಮೈನ್ಸ್ ಕಡೆ ದುಡಿದ ಗಾಡಿಯಾದರೆ ಅಲ್ಲಿ ಬೆಸುಗೆ ಹಾಕಿದ ಗುರುತೂ ಹುಡುಕಿ.

ಪ್ರಶ್ನೆ ಕೇಳಿದವರು: ಓನರ್ ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾರೆ.

ರಾಯಚೂರಿನಿಂದ: ಹಾಗಾದ್ರೆ ಮೊದಲು ಆರ್‌ಸಿ ಮಗನ ಹೆಸರಿಗೆ ಆಗಲಿ. ಅಡ್ವಾನ್ಸ್ ಆಮೇಲೆ.